ಹೆಚ್ಚಾದ್ರ ಏನಾಗತ್ತ?

ಗಂಗಾವತಿಯಲ್ಲಿರುವ ನನ್ನ ಚಿಗವ್ವನ ಅಡುಗೆಮನೆಯ ಮಾಡದಲ್ಲಿ ಒಂದು ಹಳೆಯ ಬಿಸ್ಕಿಟ್ ಡಬ್ಬಿ ಇದೆ. ಗ್ಯಾಸಿನ ಪುಸ್ತಕ, ರೇಷನ್ ಕಾರ್ಡಿನ ಜೆರಾಕ್ಸ್, ಯಾವುದೋ ಜಾತ್ರೆಯಿಂದ ತಂದ ಭಂಡಾರದ ಪೊಟ್ಟಣ, ಇವುಗಳ ನಡುವೆ ರಬ್ಬರ್ ಬ್ಯಾಂಡು ಹಾಕಿಟ್ಟ ಖಾಲಿ ಪ್ಯಾಕೆಟ್ಟುಗಳ ಒಂದು ಕಟ್ಟು ಅಲ್ಲಿ ನನಗೆ ಸಿಕ್ಕಿತು. ಹಾಲಿನಲ್ಲಿ ಕಲಸಿ ಕುಡಿಯುವ ವಿಟಮಿನ್ ಡಿ ಪುಡಿಯ ಪ್ಯಾಕೆಟ್ಟುಗಳು ಅವು. ಕಟ್ಟೆಯ ಮೇಲೆ ಕುಳಿತು ಎಣಿಸಿದೆ, 71 ಇದ್ದವು. ಒಂದೊಂದರ ಮೇಲೂ 60,000 ಐಯು ಎಂದು ಅಚ್ಚಾಗಿತ್ತು; ಐಯು ಎಂದರೆ ವಿಟಮಿನ್ನುಗಳನ್ನು ಅಳೆಯುವ ಅಂತರರಾಷ್ಟ್ರೀಯ ಮಾನ. ಆ ಹೊತ್ತಿಗೆ ಚಿಗವ್ವ ಆಸ್ಪತ್ರೆಯಲ್ಲಿ ಮಲಗಿ ಮೂರು ದಿನವಾಗಿತ್ತು.

ಇದು ಶುರುವಾದದ್ದು ಒಂದು ಉಚಿತ ಶಿಬಿರದಲ್ಲಿ. ಮನೆಯ ಸಮೀಪದ ಕಲ್ಯಾಣ ಮಂಟಪದಲ್ಲಿ ಮೂಳೆ ತಪಾಸಣೆ ಎಂದು ಬ್ಯಾನರ್ ಕಟ್ಟಿದ್ದರು. ಹಿಮ್ಮಡಿಯನ್ನು ಸಣ್ಣ ಯಂತ್ರವೊಂದರಲ್ಲಿ ಇರಿಸಿ ಅಂಕಿ ಬರೆದ ಚೀಟಿ ಕೊಡುತ್ತಿದ್ದರು. ಅಂಕಿ ಕಡಿಮೆಯಿದ್ದವರಿಗೆ ಅರ್ಧ ದರದಲ್ಲಿ ರಕ್ತ ಪರೀಕ್ಷೆ ಇತ್ತು. ಚಿಗವ್ವನ ರಕ್ತದಲ್ಲಿ ವಿಟಮಿನ್ ಡಿ ಪ್ರತಿ ಮಿಲಿಲೀಟರಿಗೆ 24 ನ್ಯಾನೊಗ್ರಾಂ ಇದೆ, ಅದು ಸಾಲದು ಎಂಬ ವರದಿ ಬಂತು. ಅಲ್ಲಿದ್ದ ವೈದ್ಯರು ವಾರಕ್ಕೊಂದರಂತೆ ಎಂಟು ವಾರ ತೆಗೆದುಕೊಳ್ಳಲು ಬರೆದುಕೊಟ್ಟರು, ಆ ಪ್ರಮಾಣದಲ್ಲಿ ತಪ್ಪೇನೂ ಇರಲಿಲ್ಲ. ಎಂಟು ವಾರ ಮುಗಿಯುವ ಹೊತ್ತಿಗೆ ಮೊಣಕಾಲಿನ ನೋವು ಹಗುರಾಯಿತು. ಸುಗ್ಗಿ ಮುಗಿದು ಆಕೆ ಗದ್ದೆಗೆ ಹೋಗುವುದನ್ನು ನಿಲ್ಲಿಸಿದ್ದೂ ಅದೇ ಕಾಲವೆಂಬುದು ಆಗ ಯಾರ ಲೆಕ್ಕಕ್ಕೂ ಬರಲಿಲ್ಲ. ವಾರಕ್ಕೊಂದು ಪುಡಿಯಿಂದ ಇಷ್ಟು ಗುಣವಾದರೆ ದಿನಕ್ಕೊಂದು ಕುಡಿದರೆ ಇನ್ನೆಷ್ಟು ಗುಣವಾದೀತು ಎಂದು ಚಿಗವ್ವ ಯೋಚಿಸಿದಳು. ಔಷಧ ಅಂಗಡಿಯಲ್ಲಿ ಖಾಲಿ ಪ್ಯಾಕೆಟ್ಟು ತೋರಿಸಿದರೆ ಸಾಕಾಗಿತ್ತು, ಚೀಟಿಯನ್ನು ಯಾರೂ ಕೇಳಲಿಲ್ಲ. ಮಗ ಒಮ್ಮೆ ತಡೆದಾಗ ಆಕೆ ಹೇಳಿದ ಮಾತನ್ನು ಆಮೇಲೆ ಅವನೇ ನನಗೆ ತಿಳಿಸಿದ: “ಶಕ್ತಿ ಪುಡಿ ಅಲ್ಲೇನೋ ತಮ್ಮಾ, ವಿಷ ಅಲ್ಲಲ್ಲ. ಹೆಚ್ಚಾದ್ರ ಏನಾಗತ್ತ?”

ಎರಡು ತಿಂಗಳಿಗೆ ಬಾಯಾರಿಕೆ ಶುರುವಾಯಿತು. ಬಿಸಿಲಿಗೆ ಹಾಗಾಗುತ್ತಿದೆ ಎಂದುಕೊಂಡರು. ಆಮೇಲೆ ಮಲಬದ್ಧತೆ, ವಾಂತಿ, ಎದ್ದು ನಿಲ್ಲಲಾಗದ ನಿತ್ರಾಣ. ನೋಡಲು ಹೋದ ನನ್ನನ್ನು ತೀರಿಹೋದ ನನ್ನ ಅಪ್ಪನೆಂದು ತಿಳಿದು, ಮಲಗಿದ್ದಲ್ಲಿಯೇ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ರಕ್ತದಲ್ಲಿ ಕ್ಯಾಲ್ಸಿಯಂ ಪ್ರತಿ ಡೆಸಿಲೀಟರಿಗೆ 13 ಮಿಲಿಗ್ರಾಂ ದಾಟಿತ್ತು. ಅದು ಹೆಚ್ಚೆಂದರೆ ಹತ್ತೂವರೆಯ ಆಸುಪಾಸಿನಲ್ಲಿರಬೇಕು. ಸಲೈನ್ ಹಾಕಿದರು, ಪುಡಿಯನ್ನೂ ಕ್ಯಾಲ್ಸಿಯಂ ಮಾತ್ರೆಯನ್ನೂ ನಿಲ್ಲಿಸಿದರು. “ಕೊಬ್ಬಿನ್ಯಾಗ ಕೂತದ್ದು ಇಳಿಯಾಕ ತಿಂಗಳಗಟ್ಟಲೆ ಬೇಕ್ರಿ ಸರ್” ಎಂದರು ಅಲ್ಲಿಯ ಯುವ ವೈದ್ಯೆ.

ನಾನು ಕೊಪ್ಪಳ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವನು. ಎ, ಡಿ, ಇ, ಕೆ ಕೊಬ್ಬಿನಲ್ಲಿ ಕರಗುತ್ತವೆ, ಬಿ ಮತ್ತು ಸಿ ನೀರಿನಲ್ಲಿ ಕರಗುತ್ತವೆ ಎಂದು ವರ್ಷವರ್ಷವೂ ಹಲಗೆಯ ಮೇಲೆ ಬರೆದಿದ್ದೇನೆ. ಕೊರತೆಯಿಂದ ಬರುವ ರೋಗಗಳ ಪಟ್ಟಿಯನ್ನು ಮಕ್ಕಳ ಬಾಯಿಪಾಠ ಮಾಡಿಸಿದ್ದೇನೆ: ಇರುಳುಗುರುಡು, ಬೆರಿಬೆರಿ, ಸ್ಕರ್ವಿ, ರಿಕೆಟ್ಸ್. ಹೆಚ್ಚಾದರೆ ಬರುವುದರ ಪಟ್ಟಿಯನ್ನು ನಾನು ಒಮ್ಮೆಯೂ ಬರೆಯಿಸಲಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಪರಿಷ್ಕರಿಸಿದ ಕೋಷ್ಟಕದಲ್ಲಿ ದಿನವೊಂದಕ್ಕೆ ಬೇಕಾದ ವಿಟಮಿನ್ ಡಿ 600 ಐಯು, ದಿನವೂ ತೆಗೆದುಕೊಂಡರೆ ದಾಟಬಾರದ ಮಿತಿ 4,000 ಐಯು. ಹಾಗಾದರೆ ಚಿಗವ್ವ ಪ್ರತಿದಿನ ಕುಡಿಯುತ್ತಿದ್ದುದು ನೂರು ದಿನದ ಅಗತ್ಯವನ್ನು ಮತ್ತು ಹದಿನೈದು ದಿನದ ಮಿತಿಯನ್ನು. ಈ ಭಾಗಾಕಾರ ನನ್ನ ಎಂಟನೆಯ ತರಗತಿಯ ಮಕ್ಕಳಿಗೂ ಬರುತ್ತದೆ, ಆದರೆ ಅದನ್ನು ಮಾಡಬೇಕೆಂದು ಆಕೆಗೆ ಹೇಳಿದವರು ಯಾರೂ ಇರಲಿಲ್ಲ.

ಶಿಬಿರದಲ್ಲಿ ಕೊಟ್ಟ ಕರಪತ್ರ ಅದೇ ಡಬ್ಬಿಯಲ್ಲಿ ಮಡಚಿಕೊಂಡು ಕುಳಿತಿತ್ತು. “ಅಧ್ಯಯನಗಳಿಂದ ಸುರಕ್ಷಿತವೆಂದು ದೃಢಪಟ್ಟಿದೆ” ಎಂಬ ಸಾಲಿನ ಕೆಳಗೆ, ಕನ್ನಡಕ ಸರಿಸಿಕೊಂಡು ಓದಬೇಕಾದಷ್ಟು ಸಣ್ಣ ಅಕ್ಷರದಲ್ಲಿ ಮೂರು ಪ್ರಬಂಧಗಳ ಹೆಸರಿತ್ತು. ಆ ಮೂರನ್ನೂ ಹುಡುಕಿ, ಎರಡು ರಾತ್ರಿ ಕುಳಿತು ಓದಿದೆ. ಅವುಗಳಲ್ಲಿ ಸುಳ್ಳೇನೂ ನನಗೆ ಕಾಣಲಿಲ್ಲ ಎಂಬುದನ್ನು ಮೊದಲೇ ಹೇಳಬೇಕು. ಅಳತೆಗಳು ಅಚ್ಚುಕಟ್ಟಾಗಿದ್ದವು, ಲೆಕ್ಕವೂ ಒಪ್ಪವಾಗಿತ್ತು. ಎರಡು ಅಧ್ಯಯನ ಹನ್ನೆರಡು ವಾರದವು, ಒಂದು ಎಂಟು ವಾರದ್ದು. ಹೇಳಿದಷ್ಟನ್ನೇ ಕುಡಿದವರಿಗೆ ಅಷ್ಟು ದಿನದೊಳಗೆ ಏನೂ ಆಗಲಿಲ್ಲ ಎಂಬುದು ಅವುಗಳ ಸಾರ. ಎರಡರ ಕೊನೆಯ ಪುಟದಲ್ಲಿ ಅಧ್ಯಯನದ ವೆಚ್ಚವನ್ನು ಆ ಪುಡಿಯನ್ನು ತಯಾರಿಸುವವರೇ ಭರಿಸಿದ್ದಾರೆಂದು ಬರೆದಿತ್ತು. ಒಂದರಲ್ಲಿ ಲೇಖಕರೊಬ್ಬರು ಅದೇ ಕಂಪನಿಯ ನೌಕರರಾಗಿದ್ದರು. ಚಿಗವ್ವ ಕೇಳಿದ ಪ್ರಶ್ನೆಯನ್ನು ಆ ಮೂರರಲ್ಲಿ ಯಾವುದೂ ಕೇಳಿರಲಿಲ್ಲ. ಮಾರುವವನಿಗೆ ಆ ಪ್ರಶ್ನೆಯ ಉತ್ತರದಿಂದ ಲಾಭವಿಲ್ಲ; ಉತ್ತರ ಏನೇ ಬಂದರೂ ಒಂದು ಪ್ಯಾಕೆಟ್ಟೂ ಹೆಚ್ಚಿಗೆ ಮಾರಾಟವಾಗುವುದಿಲ್ಲ. ರೊಕ್ಕ ಹಾಕಿದವರು ಉತ್ತರವನ್ನು ತಿರುಚುತ್ತಾರೆಯೇ ಎಂದು ನಾವು ಅನುಮಾನಿಸುತ್ತೇವೆ, ಅದಕ್ಕಿಂತ ಮೊದಲು ಅವರು ಪ್ರಶ್ನೆಯನ್ನು ಆರಿಸಿಕೊಂಡಿರುತ್ತಾರೆ ಎಂಬುದು ಆ ಎರಡು ರಾತ್ರಿಗಳಲ್ಲಿ ನನಗೆ ಹೊಳೆಯಿತು.

ಹಾಗಾದರೆ ಆ ಪ್ರಶ್ನೆಯನ್ನು ಕೇಳಿದವರು ಯಾರು? ಹುಡುಕುತ್ತ ಹೋದರೆ ದಾರಿ ಫಿನ್ಲೆಂಡಿಗೆ ಹೋಗಿ ಮುಟ್ಟಿತು. ಹಸಿರು ತರಕಾರಿ, ಗಜ್ಜರಿ ಹೆಚ್ಚು ತಿನ್ನುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಎಂದು ಹಲವು ಸಮೀಕ್ಷೆಗಳು ಹೇಳಿದ್ದ ಕಾಲ ಅದು. ಗಜ್ಜರಿಯಲ್ಲಿರುವ ಬೀಟಾ ಕ್ಯಾರೊಟೀನನ್ನು ಗುಳಿಗೆಯಾಗಿ ಕೊಟ್ಟರೆ ಬೀಡಿ ಸಿಗರೇಟು ಸೇದುವವರನ್ನು ಉಳಿಸಬಹುದೆಂಬುದು ಎಲ್ಲರ ನಂಬಿಕೆಯಾಗಿತ್ತು. 1985ರಲ್ಲಿ ಆರಂಭವಾದ ಫಿನ್ಲೆಂಡಿನ ಪ್ರಯೋಗಕ್ಕೆ 50ರಿಂದ 69 ವಯಸ್ಸಿನ, ಧೂಮಪಾನ ಮಾಡುವ 29,133 ಗಂಡಸರನ್ನು ಸೇರಿಸಿಕೊಂಡರು. ಅರ್ಧದಷ್ಟು ಜನರಿಗೆ ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೊಟೀನ್. 1994ರಲ್ಲಿ ಫಲಿತಾಂಶ ಪ್ರಕಟವಾದಾಗ, ಗುಳಿಗೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇಕಡ 18ರಷ್ಟು ಹೆಚ್ಚಾಗಿತ್ತು. ಅನೇಕರು ಇದನ್ನು ಆಕಸ್ಮಿಕವೆಂದೇ ತಿಳಿದರು. ಅಷ್ಟರಲ್ಲಿ ಅಮೆರಿಕದಲ್ಲಿ ಧೂಮಪಾನಿಗಳು ಮತ್ತು ಕಲ್ನಾರಿನ ದೂಳಿನಲ್ಲಿ ದುಡಿದವರು ಸೇರಿ 18,314 ಜನರ ಮೇಲೆ ಇನ್ನೊಂದು ಪ್ರಯೋಗ ನಡೆದಿತ್ತು. ಅದರಲ್ಲಿ ಬೀಟಾ ಕ್ಯಾರೊಟೀನಿನ ಜೊತೆಗೆ ವಿಟಮಿನ್ ಎಯನ್ನೂ ಕೊಡುತ್ತಿದ್ದರು. 1996ರ ಜನವರಿಯಲ್ಲಿ, ಮುಗಿಯಲು ಇನ್ನೂ 21 ತಿಂಗಳು ಇರುವಾಗಲೇ, ಅದನ್ನು ನಿಲ್ಲಿಸಬೇಕಾಯಿತು: ಕ್ಯಾನ್ಸರ್ ಶೇಕಡ 28, ಸಾವು ಶೇಕಡ 17 ಹೆಚ್ಚು. ಮೂರನೆಯದು ವಿಟಮಿನ್ ಇ ಮತ್ತು ಸೆಲೆನಿಯಂ ಕುರಿತದ್ದು, 35,533 ಗಂಡಸರು. 2008ರಲ್ಲಿ ಪ್ರಯೋಜನವಿಲ್ಲವೆಂದು ಗುಳಿಗೆ ನಿಲ್ಲಿಸಿದರು. ಆದರೆ ಜನರನ್ನು ಗಮನಿಸುವುದನ್ನು ನಿಲ್ಲಿಸಲಿಲ್ಲ, ಆದ್ದರಿಂದಲೇ 2011ರಲ್ಲಿ ವಿಟಮಿನ್ ಇ ಮಾತ್ರ ತೆಗೆದುಕೊಂಡವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇಕಡ 17ರಷ್ಟು ಹೆಚ್ಚಿರುವುದು ತಿಳಿದುಬಂತು. ಗುಳಿಗೆ ನಿಂತು ಮೂರು ವರ್ಷದ ಮೇಲೆ ತಿಳಿದ ಸಂಗತಿ ಅದು. ಎಂಟು ವಾರದ, ಹನ್ನೆರಡು ವಾರದ ಅಧ್ಯಯನಗಳಿಗೆ ಅದು ಎಂದಿಗೂ ಕಾಣುತ್ತಿರಲಿಲ್ಲ.

ಈ ಮೂರಕ್ಕೂ ಹಣ ಕೊಟ್ಟದ್ದು ಮುಖ್ಯವಾಗಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ, ಅಂದರೆ ಅಲ್ಲಿಯ ಜನರ ತೆರಿಗೆ. ಫಿನ್ಲೆಂಡಿನದರಲ್ಲಿ ಆ ದೇಶದ ಸಾರ್ವಜನಿಕ ಆರೋಗ್ಯ ಸಂಸ್ಥೆಯೂ ಕೈಜೋಡಿಸಿತ್ತು. ಗುಳಿಗೆ ಒಳ್ಳೆಯದು ಮಾಡುತ್ತದೆಂದು ನಂಬಿಯೇ ಅವರು ಆರಂಭಿಸಿದ್ದರು, ಕೆಟ್ಟದ್ದು ಕಂಡಾಗ ಹಾಗೆಯೇ ಬರೆದರು. ಅವರಿಗೆ ಮಾರುವ ಸರಕೇನೂ ಇರಲಿಲ್ಲ. ನಾನು ಇದನ್ನು ಓದುವಾಗ ಕಣ್ಣಮುಂದೆ ಬಂದದ್ದು ನಮ್ಮ ಗಿಣಿಗೇರಾ, ಹಿರೇಬಗನಾಳದ ಕಾರ್ಖಾನೆಗಳ ಕರಿದೂಳಿನಲ್ಲಿ ಪಾಳಿ ಮುಗಿಸಿ, ಬೀಡಿ ಹಚ್ಚಿಕೊಂಡು ಬಸ್ಸು ಕಾಯುವ ಗಂಡಸರು. ಎದೆ ಹಗುರವಾಗಲೆಂದು ಅವರು ಅಂಗಡಿಯಲ್ಲಿ ಕೇಳಿ ಪಡೆಯುವ ‘ಆಂಟಿಆಕ್ಸಿಡೆಂಟ್’ ಗುಳಿಗೆಗಳ ಹಾಳೆಯನ್ನು ತಿರುವಿ ನೋಡಿದರೆ ಬೀಟಾ ಕ್ಯಾರೊಟೀನ್ ಎಂಬ ಹೆಸರು ಈಗಲೂ ಕೆಲವದರಲ್ಲಿ ಸಿಗುತ್ತದೆ. ಗಜ್ಜರಿಯನ್ನೋ ನುಗ್ಗೆಸೊಪ್ಪನ್ನೋ ಅವರು ಎಷ್ಟಾದರೂ ತಿನ್ನಲಿ. ಗುಳಿಗೆಯ ಮಾತು ಬೇರೆ ಎಂದು ಅವರಿಗೆ ಹೇಳುವ ಕರಪತ್ರವನ್ನು ಯಾವ ಶಿಬಿರದಲ್ಲಿಯೂ ನಾನು ಕಂಡಿಲ್ಲ.

ಹಣದ ಮೂಲಕ್ಕೂ ತೀರ್ಮಾನಕ್ಕೂ ಇರುವ ನಂಟನ್ನು ಅಳೆದು ನೋಡಿದವರೂ ಇದ್ದಾರೆ. 2007ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯಲ್ಲಿ ತಂಪು ಪಾನೀಯ, ಹಣ್ಣಿನ ರಸ, ಹಾಲುಗಳ ಕುರಿತ 206 ಲೇಖನಗಳನ್ನು ಪರಿಶೀಲಿಸಿದರು. ಜನರ ಮೇಲೆ ಪ್ರಯೋಗ ನಡೆಸಿದ ಅಧ್ಯಯನಗಳಲ್ಲಿ, ಪೂರ್ತಿ ಉದ್ಯಮದ ಹಣದಿಂದ ನಡೆದ ಒಂದರಲ್ಲಿಯೂ ಉದ್ಯಮಕ್ಕೆ ಪ್ರತಿಕೂಲವಾದ ತೀರ್ಮಾನ ಇರಲಿಲ್ಲ. ಉದ್ಯಮದ ಹಣವಿಲ್ಲದವುಗಳಲ್ಲಿ ಶೇಕಡ 37ರಲ್ಲಿ ಇತ್ತು. ಅದು ಪಾನೀಯಗಳ ಲೆಕ್ಕ, ವಿಟಮಿನ್ನುಗಳದ್ದಲ್ಲ. ಆದರೂ ಶೂನ್ಯ ಮತ್ತು ಮೂವತ್ತೇಳರ ನಡುವಿನ ಅಂತರವನ್ನು ನೋಡಿದ ಮೇಲೆ ಯಾವ ಪ್ರಬಂಧವನ್ನಾದರೂ ಕೊನೆಯ ಪುಟದಿಂದ ಓದಲು ಶುರುಮಾಡುವುದು ನನಗೆ ರೂಢಿಯಾಗಿದೆ.

ಚಿಗವ್ವನ 24ಕ್ಕೆ ಮರಳಿ ಬರುತ್ತೇನೆ, ಏಕೆಂದರೆ ನನ್ನನ್ನು ಹೆಚ್ಚು ಕಾಡಿದ್ದು ಆ ಅಂಕಿ. ರಕ್ತದಲ್ಲಿ ವಿಟಮಿನ್ ಡಿ ಎಷ್ಟಿದ್ದರೆ ಸಾಕು ಎಂಬುದು ಪ್ರಕೃತಿ ಬರೆದಿಟ್ಟ ಗೆರೆಯಲ್ಲ, ಸಮಿತಿಗಳು ಎಳೆದ ಗೆರೆ. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್‌ನ ಸಮಿತಿ 2010ರ ಕೊನೆಯಲ್ಲಿ, 20 ನ್ಯಾನೊಗ್ರಾಂ ಇದ್ದರೆ ಬಹುತೇಕ ಎಲ್ಲರಿಗೂ ಸಾಕು ಎಂದಿತು. ಮರುವರ್ಷವೇ ಅಲ್ಲಿಯ ಹಾರ್ಮೋನು ತಜ್ಞರ ಸಂಘವಾದ ಎಂಡೊಕ್ರೈನ್ ಸೊಸೈಟಿಯ ಮಾರ್ಗಸೂಚಿ 30ಕ್ಕಿಂತ ಕಡಿಮೆ ಇದ್ದರೆ ಸಾಲದು ಎಂದಿತು. ಪ್ರಯೋಗಾಲಯಗಳ ವರದಿಗಳಲ್ಲಿ ಎಲ್ಲೆಡೆ ನೆಲೆಯೂರಿದ್ದು ಎರಡನೆಯ ಗೆರೆ. ಇಪ್ಪತ್ತಕ್ಕೂ ಮೂವತ್ತಕ್ಕೂ ನಡುವೆ ಎಷ್ಟು ಕೋಟಿ ಜನರಿದ್ದಾರೋ ಅವರೆಲ್ಲರೂ ಒಂದು ಗೆರೆಯ ಪ್ರಕಾರ ಆರೋಗ್ಯವಂತರು, ಇನ್ನೊಂದರ ಪ್ರಕಾರ ಗಿರಾಕಿಗಳು. ಆ ಮಾರ್ಗಸೂಚಿಯ ಸಮಿತಿಗೆ ಮುಖ್ಯಸ್ಥರಾಗಿದ್ದ ಮೈಕೆಲ್ ಹೋಲಿಕ್ ಅವರು ಔಷಧ ಕಂಪನಿಗಳಿಂದ ಮತ್ತು ವಿಟಮಿನ್ ಡಿ ಪರೀಕ್ಷೆ ನಡೆಸುವ ವಾಣಿಜ್ಯ ಪ್ರಯೋಗಾಲಯದಿಂದ ಹಣ ಪಡೆದಿದ್ದರೆಂದು 2018ರಲ್ಲಿ ನ್ಯೂಯಾರ್ಕ್ ಟೈಮ್ಸ್ ವಿವರವಾಗಿ ವರದಿ ಮಾಡಿತು. ಅವರು ಅದನ್ನು ಅಲ್ಲಗಳೆಯಲಿಲ್ಲ, ಹಣ ತಮ್ಮ ಮಾತನ್ನು ಪ್ರಭಾವಿಸಿಲ್ಲ ಎಂದರು. ಅವರ ಮನಸ್ಸಿನೊಳಗೆ ಇಳಿದು ನೋಡುವ ಅಧಿಕಾರ ನನಗಿಲ್ಲ, ಅದರ ಅಗತ್ಯವೂ ಇಲ್ಲ. ಗೆರೆ ಎಳೆಯುವವರು ಗೆರೆಯಿಂದ ಲಾಭ ಪಡೆಯುವವರ ಹಣವನ್ನು ಮುಟ್ಟಿರಬಾರದು ಎಂಬುದಷ್ಟೇ ನನ್ನ ನಿಲುವು. ಅದೇ ಸೊಸೈಟಿ 2024ರ ಹೊಸ ಮಾರ್ಗಸೂಚಿಯಲ್ಲಿ 30ರ ಗೆರೆಯನ್ನು ಕೈಬಿಟ್ಟಿತು. ಆರೋಗ್ಯವಂತರಿಗೆ ಸುಮ್ಮನೆ ಈ ಪರೀಕ್ಷೆ ಮಾಡಿಸುವುದೂ ಬೇಡ ಎಂದಿತು. ನಮ್ಮ ಕಡೆಯ ವರದಿಗಳಲ್ಲಿ 30 ಇನ್ನೂ ಇದೆ. ಭತ್ತದ ಗದ್ದೆಯಲ್ಲಿ ಬೆನ್ನಿಗೆ ಬಿಸಿಲು ಹೊತ್ತು ನಾಟಿ ಮಾಡಿದ ಚಿಗವ್ವ ಮೊದಲ ಗೆರೆಯ ಪ್ರಕಾರ ಆ ಪುಡಿಯನ್ನು ಮುಟ್ಟುವ ಅಗತ್ಯವೇ ಇರಲಿಲ್ಲ.

ಹಾಗೆಂದು ವಿಟಮಿನ್ನುಗಳೆಲ್ಲ ಮೋಸ ಎಂದು ಯಾರೂ ತಿಳಿಯಬಾರದು, ಅದರಲ್ಲಿಯೂ ನಮ್ಮ ಜಿಲ್ಲೆಗಳಲ್ಲಿ. ಹಿಂದೊಮ್ಮೆ ಬೆನ್ನುಹುರಿಯ ದೋಷವಿದ್ದ ಮಗುವನ್ನು ಗರ್ಭದಲ್ಲಿ ಹೊತ್ತವರು ಮತ್ತೆ ಗರ್ಭ ನಿಲ್ಲುವ ಮೊದಲೇ ಫೋಲಿಕ್ ಆಮ್ಲ ತೆಗೆದುಕೊಂಡರೆ ಮುಂದಿನ ಮಗುವಿಗೆ ಆ ದೋಷ ಶೇಕಡ 72ರಷ್ಟು ತಪ್ಪುತ್ತದೆಂದು 1991ರಲ್ಲಿ ತೋರಿಸಿಕೊಟ್ಟದ್ದು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಪ್ರಯೋಗ. ಅದೂ ಸಾರ್ವಜನಿಕ ಹಣದ್ದೇ. ಅಂಗನವಾಡಿಯಲ್ಲಿ ಕೊಡುವ ಕಬ್ಬಿಣಾಂಶದ ಗುಳಿಗೆಯನ್ನು ನನ್ನ ಈ ಬರಹ ಓದಿ ಯಾವ ಗರ್ಭಿಣಿಯೂ ಬಿಡಬಾರದು. ಕಂಪನಿಯ ಕೈ ಸೋಕಿದ್ದೆಲ್ಲವೂ ಕೆಟ್ಟಿರುತ್ತದೆ ಎಂದೂ ನಾನು ಹೇಳುತ್ತಿಲ್ಲ. ಉತ್ತರ ಪ್ರದೇಶದಲ್ಲಿ 1999ರಿಂದ 2004ರವರೆಗೆ ಸುಮಾರು ಹತ್ತು ಲಕ್ಷ ಮಕ್ಕಳ ಮೇಲೆ ವಿಟಮಿನ್ ಎ ಪ್ರಯೋಗ ನಡೆಯಿತು. ಖರ್ಚು ಬ್ರಿಟನ್ನಿನ ಅದೇ ಮಂಡಳಿಯದು, ಅಮೆರಿಕದ ಯುಎಸ್‌ಏಡ್ ಸಂಸ್ಥೆಯದು ಮತ್ತು ವಿಶ್ವಬ್ಯಾಂಕಿನದು; ವಿಟಮಿನ್ ಎ ಮಾತ್ರ ರೋಶ್ ಕಂಪನಿಯ ದಾನ. ಆ ಕಂಪನಿ ಅದೇ 1999ರಲ್ಲಿ, ಇತರರೊಡನೆ ಸೇರಿ ಜಗತ್ತಿನಾದ್ಯಂತ ವಿಟಮಿನ್ನುಗಳ ಬೆಲೆಯನ್ನು ಗುಟ್ಟಾಗಿ ನಿಗದಿ ಮಾಡುತ್ತಿದ್ದುದನ್ನು ಅಮೆರಿಕದಲ್ಲಿ ಒಪ್ಪಿಕೊಂಡು 50 ಕೋಟಿ ಡಾಲರ್ ದಂಡ ತೆತ್ತಿತ್ತು. ಆದರೂ ಪ್ರಯೋಗದ ಫಲಿತಾಂಶ ದಾನಿಗಳಿಗೆ ಹಿತವಾಗಿ ಬರಲಿಲ್ಲ: ಮಕ್ಕಳ ಸಾವು ಖಚಿತವಾಗಿ ತಗ್ಗಿತೆನ್ನಲು ಸಾಧ್ಯವಾಗಲಿಲ್ಲ. ಗುಳಿಗೆ ಕೊಟ್ಟವರು ಒಬ್ಬರು, ಪ್ರಶ್ನೆ ಕೇಳಿದವರು ಇನ್ನೊಬ್ಬರು ಆಗಿದ್ದರಿಂದ ಅದು ಸಾಧ್ಯವಾಯಿತೆಂದು ನಾನು ನಂಬುತ್ತೇನೆ. ಆದರೆ 2004ರಲ್ಲಿ ಮುಗಿದ ಕೆಲಸ ಪ್ರಕಟವಾದದ್ದು 2013ರಲ್ಲಿ. ಸಾರ್ವಜನಿಕ ಹಣದ ಸಂಶೋಧನೆಯನ್ನು ಕುರಿತೂ ಜನ ಲೆಕ್ಕ ಕೇಳಬೇಕಾಗುತ್ತದೆ ಎಂಬುದಕ್ಕೆ ಆ ಒಂಬತ್ತು ವರ್ಷಗಳೇ ಸಾಕ್ಷಿ.

ಇನ್ನು ನಮ್ಮಲ್ಲಿ. ಅಂಗಡಿಯ ಒಂದೇ ಕಪಾಟಿನಲ್ಲಿ ಅಕ್ಕಪಕ್ಕ ಕುಳಿತ ಎರಡು ವಿಟಮಿನ್ ಡಬ್ಬಿಗಳಲ್ಲಿ ಒಂದು ಔಷಧದ ಪರವಾನಗಿ ಪಡೆದದ್ದಾದರೆ ಇನ್ನೊಂದು ಆಹಾರದ ಪರವಾನಗಿ ಪಡೆದದ್ದು. ಎರಡನೆಯದರ ಮೇಲೆ ಅದು ಔಷಧ ಬಳಕೆಗಲ್ಲ ಎಂದು ಇಂಗ್ಲಿಷಿನಲ್ಲಿ ಬರೆದಿರುತ್ತದೆ, ಚಿಗವ್ವ ಅದನ್ನು ಓದಲಾರಳು. ದೇಶದಲ್ಲಿ ನಡೆಯುವ ಔಷಧ ಪ್ರಯೋಗಗಳನ್ನು ನೋಂದಾಯಿಸುವ ಒಂದು ಸಾರ್ವಜನಿಕ ದಾಖಲೆ 2007ರಿಂದ ಇದೆ, 2009ರ ಜೂನ್ 15ರಿಂದ ಅಲ್ಲಿ ನೋಂದಣಿ ಕಡ್ಡಾಯ. ಅದರಲ್ಲಿ ಹಣ ಎಲ್ಲಿಂದ ಬಂತು, ಪ್ರಾಯೋಜಕರು ಯಾರು ಎಂಬ ಅಂಕಣಗಳಿವೆ. ಯಾರು ಬೇಕಾದರೂ ತೆರೆದು ನೋಡಬಹುದು. ನನ್ನ ಹತ್ತನೆಯ ತರಗತಿಯ ಮಕ್ಕಳಿಗೆ ಒಂದು ಶನಿವಾರ ಅದನ್ನು ತೆರೆದು ತೋರಿಸಿದೆ. 2024ರ ನವೆಂಬರಿನಲ್ಲಿ ಬಳ್ಳಾರಿಯ ಜಿಲ್ಲಾಸ್ಪತ್ರೆಯಲ್ಲಿ ಬಾಣಂತಿಯರು ತೀರಿಕೊಂಡು, ಅವರಿಗೆ ಹಾಕಿದ ದ್ರಾವಣದ ಗುಣಮಟ್ಟದ ಮೇಲೆ ಅನುಮಾನ ಬಂದಾಗ, ಅದನ್ನು ಪರೀಕ್ಷೆ ಮಾಡಿದವರು ಯಾರೆಂದು ಇಡೀ ನಾಡು ಕೇಳಿತು. ದಿನದಿನವೂ ಮನೆಯ ಮಾಡದಿಂದ ತೆಗೆದು ನುಂಗುವ ಗುಳಿಗೆಯ ವಿಷಯದಲ್ಲಿ ಆ ಪ್ರಶ್ನೆ ನಮಗೆ ಹೊಳೆಯುವುದಿಲ್ಲ, ಏಕೆಂದರೆ ಅಲ್ಲಿ ಒಮ್ಮೆಲೇ ಯಾರೂ ಸಾಯುವುದಿಲ್ಲ. ಬಳ್ಳಾರಿಯಲ್ಲಿ, ರಾಯಚೂರಿನಲ್ಲಿ, ಕೊಪ್ಪಳದಲ್ಲಿ ಸರಕಾರಿ ವೈದ್ಯಕೀಯ ಕಾಲೇಜುಗಳಿವೆ. ನಮ್ಮ ಬಿಸಿಲಿನಲ್ಲಿ, ನಮ್ಮ ಊಟದ ಮೇಲೆ ಬದುಕುವ ಹೆಂಗಸರಿಗೆ ಯಾವ ವಿಟಮಿನ್ ಎಷ್ಟು ಬೇಕು, ಎಷ್ಟಾದರೆ ಅತಿ ಎಂಬುದನ್ನು ಹತ್ತು ವರ್ಷ ಹಿಂಬಾಲಿಸಿ ನೋಡುವ ಅಧ್ಯಯನವೊಂದಕ್ಕೆ ಸರಕಾರವೇ ಹಣ ಕೊಡಬೇಕು. ಶಿಬಿರಗಳ ಬ್ಯಾನರಿನ ಮೇಲೆ ಖರ್ಚು ಯಾರದೆಂದು, ವೈದ್ಯರ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ ಬರೆದಿರಬೇಕು.

ಚಿಗವ್ವ ಹನ್ನೊಂದು ದಿನದ ಮೇಲೆ ಮನೆಗೆ ಬಂದಳು. ಔಷಧದಿಂದಾದ ತೊಂದರೆಯನ್ನು ದಾಖಲಿಸಲು ಗಾಜಿಯಾಬಾದಿನ ಭಾರತೀಯ ಔಷಧಕೋಶ ಆಯೋಗದಿಂದ ನಡೆಯುವ ಸರಕಾರಿ ವ್ಯವಸ್ಥೆಯೊಂದಿದೆ. ರೋಗಿಗಳೇ ತುಂಬಬಹುದಾದ ಅದರ ನಮೂನೆ ಕನ್ನಡದಲ್ಲಿಯೂ ಸಿಗುತ್ತದೆ, 1800-180-3024ಕ್ಕೆ ಫೋನ್ ಮಾಡಿಯೂ ತಿಳಿಸಬಹುದು. ಆಕೆಯ ಮಂಚದ ಪಕ್ಕದಲ್ಲಿ ಕುಳಿತು ನಾನೇ ಅದನ್ನು ತುಂಬಿದೆ.

“ಯಾರಿಗಿ ಬರಿಯಾಕತ್ತೀಯೋ ತಮ್ಮಾ?”

“ಸರಕಾರಕ್ಕ, ಚಿಗವ್ವ. ಪುಡಿ ಹೆಚ್ಚಾದ್ರ ಏನಾಗತ್ತ ಅಂತ.”

“ಹಂಗಾದ್ರ ನಾ ಎಷ್ಟು ಕುಡದೆ ಅನ್ನೂದು ಸರಿಯಾಗಿ ಬರಿ. ಕಡಿಮಿ ಬರೀಬ್ಯಾಡ.”

ಸರಿಯಾಗಿಯೇ ಬರೆದೆ. ಔಷಧದ ಬ್ಯಾಚ್ ನಂಬರ್ ಕೇಳುವ ಜಾಗದಲ್ಲಿ ಮಾತ್ರ ನಿಂತೆ. ಆ ನಂಬರ್ ಪ್ಯಾಕೆಟ್ಟಿನ ಮೇಲಂಚಿನಲ್ಲಿ ಒತ್ತಿರುತ್ತದೆ, ಚಿಗವ್ವ ಪ್ರತಿದಿನ ಹರಿಯುತ್ತಿದ್ದುದೂ ಅದೇ ಅಂಚನ್ನು. ಕಟ್ಟು ಬಿಚ್ಚಿ 71ನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆವು. ಒಂದರಲ್ಲಿ ಮೊದಲ ಮೂರು ಅಕ್ಷರ ಉಳಿದಿದ್ದವು. ಅವಿಷ್ಟನ್ನು ಬರೆದು, ಮುಂದಿನ ಮನೆಗಳನ್ನು ಖಾಲಿ ಬಿಟ್ಟು ಕಳಿಸಿದೆ.